ಫೋಟೋಗ್ರಫಿ ಕ್ಲಾಸ್: ಎಕ್ಸ್‌ಪೋಷರ್ ಪಾಠ ಮುಗಿಯಿತು

ಹೊಸಬರಿಗಾಗಿ ಇರುವ ಆನ್‌ಲೈನ್ ಡಿಜಿಟಲ್ ಫೋಟೋಗ್ರಫಿ ಕ್ಲಾಸಿಗೆ ಸೇರಿದ್ದೇನೆ. ವಿಡಿಯೋ ಪಾಠ ನೋಡಬೇಕು, ಕೊಟ್ಟ ಅಭ್ಯಾಸ ಮಾಡಬೇಕು, ತೆಗೆದ ಚಿತ್ರ ಕಳಿಸಬೇಕು. ಮೇಷ್ಟ್ರು ನೋಡಿ ಸರಿ ತಪ್ಪು ಹೇಳುತ್ತಾರೆ. ಎಕ್ಸ್‌ಪೋಷರ್ (ಚಿತ್ರಕ್ಕೆ ಎಷ್ಟು ಬೆಳಕು ಬೀಳಬೇಕು ಅನ್ನುವುದು) ಪಾಠ ಈಗಷ್ಟೇ ಮುಗಿದಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲ ಪಾಠ ಕ್ಯಾಮೆರಾ ಪರಿಚಯ. ಬ್ಯಾಟರಿ, ಮೆಮೊರಿ ಕಾರ್ಡ್, ಮೆನು, ಇಷ್ಟೇ. ಅದರಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಕ್ಯಾಮೆರಾ ಹಿಡಿಯುವ ಕ್ರಮ. ಎಡಗೈ ಲೆನ್ಸಿನ ಕೆಳಗಿರಬೇಕು, ಮೊಣಕೈ ಮೈಗೆ ಅಂಟಿಕೊಂಡಿರಬೇಕು. ಇಷ್ಟು ಮಾಡಿದರೆ ಕೈ ಅಲ್ಲಾಡುವುದು ಎಷ್ಟೋ ಕಡಿಮೆಯಾಗುತ್ತದೆ.

ಆಮೇಲೆ ಬಂತು ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ರಂಧ್ರ. ಅದನ್ನು ಎಫ್ ನಂಬರ್‌ಗಳಲ್ಲಿ ಹೇಳುತ್ತಾರೆ: 1.4, 2, 2.8, 4, 5.6, 8, 11, 16. ಈ ಅಂಕಿಗಳನ್ನು ಸುಮ್ನೆ ಬಾಯಿಪಾಠ ಮಾಡಿಸದೆ, ಯಾಕೆ ಹೀಗಿವೆ ಅಂತ ವಿವರಿಸಿದ್ದು ನನಗೆ ಬಹಳ ಇಷ್ಟವಾಯಿತು. ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ 50 ಎಂಎಂ ಅಂತ ಬರೆದಿರುವ ಅಳತೆ) ಲೆನ್ಸಿನ ಮುಂದಿನಿಂದ ಕಾಣುವ ರಂಧ್ರದ ಅಗಲದಿಂದ ಭಾಗಿಸಿದರೆ ಎಫ್ ನಂಬರ್ ಸಿಗುತ್ತದೆ. 50 ಎಂಎಂ ಲೆನ್ಸಿನಲ್ಲಿ ಎಫ್/2 ಅಂದರೆ 25 ಎಂಎಂ ಅಗಲದ ರಂಧ್ರ. ಎಫ್/4 ಅಂದರೆ 12.5 ಎಂಎಂ. ಅಗಲ ಅರ್ಧವಾದಾಗ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ಬೆಳಕೂ ಅಷ್ಟೇ. ಬೆಳಕನ್ನು ಅರ್ಧ ಮಾತ್ರ ಇಳಿಸಬೇಕಾದರೆ ಇವೆರಡರ ನಡುವೆ ಒಂದು ಮೆಟ್ಟಿಲು ಬೇಕಲ್ವಾ? ಅದೇ 2.8. ಇದು ತಿಳಿದ ಮೇಲೆ ನಂಬರ್ ದೊಡ್ಡದಾದರೆ ರಂಧ್ರ ಯಾಕೆ ಚಿಕ್ಕದಾಗುತ್ತದೆ ಅನ್ನುವ ಗೊಂದಲವೂ ಹೋಯಿತು.

ಬೆಳಕು ಎಷ್ಟು ಹೊತ್ತು ಒಳಬರಬೇಕು ಅನ್ನುವ ಶಟರ್‌ನಲ್ಲಿ ಲೆಕ್ಕ ಇನ್ನೂ ಸುಲಭ. 1/125 ಸೆಕೆಂಡಿನಿಂದ 1/250ಕ್ಕೆ ಹೋದರೆ ಬೆಳಕು ಅರ್ಧ. ಹಾಗಾಗಿ ಎಫ್/5.6, 1/250 ಕೊಡುವಷ್ಟೇ ಬೆಳಕನ್ನು ಎಫ್/8, 1/125 ಕೂಡ ಕೊಡುತ್ತದೆ. ಬೆಳಕು ಒಂದೇ, ಚಿತ್ರ ಬೇರೆ. ಮೊದಲನೆಯದರಲ್ಲಿ ಚಲನೆ ಚೆನ್ನಾಗಿ ನಿಲ್ಲುತ್ತದೆ, ಎರಡನೆಯದರಲ್ಲಿ ಹಿಂದಿನ ವಸ್ತುಗಳೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಇಲ್ಲಿಯವರೆಗೆ ಮಾಡಿದ ಅಭ್ಯಾಸಗಳಲ್ಲಿ ನನ್ನ ಕಣ್ಣು ತೆರೆಸಿದ್ದು ಬಿಳಿ ಹಾಳೆ, ಕಪ್ಪು ಬಟ್ಟೆಯದು. ಎರಡನ್ನೂ ಒಂದೇ ಬೆಳಕಿನಲ್ಲಿಟ್ಟು, ಚೌಕಟ್ಟು ತುಂಬುವ ಹಾಗೆ ಬೇರೆ ಬೇರೆಯಾಗಿ ತೆಗೆಯಬೇಕು. ಎಕ್ಸ್‌ಪೋಷರ್ ಕ್ಯಾಮೆರಾಕ್ಕೇ ಬಿಡಬೇಕು. ಬಿಳಿ ಹಾಳೆಯೂ ಬೂದು ಬಣ್ಣ, ಕಪ್ಪು ಬಟ್ಟೆಯೂ ಬೂದು ಬಣ್ಣ! ಎದುರಿಗಿರುವುದು ಬಿಳಿಯೋ ಕಪ್ಪೋ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಗೊತ್ತಿಲ್ಲ. ಎಲ್ಲವನ್ನೂ ಮಧ್ಯಮ ಬೂದಿಗೆ ತರಲು ನೋಡುತ್ತದೆ. ಪ್ಲಸ್ ಮೈನಸ್ ಗುರುತಿನ ಬಟನ್ ಇರುವುದು ಇದಕ್ಕೇ. ಬಿಳಿಗೆ ಪ್ಲಸ್ 1ರಿಂದ 2ರವರೆಗೆ, ಕಪ್ಪಿಗೆ ಮೈನಸ್ ಅಷ್ಟೇ ಕೊಟ್ಟು ನೋಡಿದೆ. ಹಾಳೆ ಬೆಳ್ಳಗಾಯಿತು, ಬಟ್ಟೆ ಕಪ್ಪಾಯಿತು. ಹಿಮ, ಮರಳು, ಬಿಳಿ ಗೋಡೆ ಮುಂದೆ ನಿಂತವರ ಮುಖ ಯಾಕೆ ಕಪ್ಪಗೆ ಬರುತ್ತದೆ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಮೇಷ್ಟ್ರು ಇನ್ನೂ ಮ್ಯಾನುಯಲ್ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವುದು) ಮುಟ್ಟಿಸಿಲ್ಲ. ಅಪರ್ಚರ್ ಪ್ರಯಾರಿಟಿಯಲ್ಲೇ ಇದ್ದೇವೆ (ನಿಕಾನ್, ಸೋನಿ ಡಯಲ್‌ನಲ್ಲಿ ‘ಎ’, ಕ್ಯಾನನ್‌ನಲ್ಲಿ ‘ಎವಿ’). ನನಗೆ ಈ ಕ್ರಮವೇ ಸರಿ ಅನ್ನಿಸುತ್ತದೆ. ಅಪರ್ಚರ್ ನಾವು ಆರಿಸಿ, ಶಟರ್ ಅನ್ನು ಕ್ಯಾಮೆರಾ ನೋಡಿಕೊಂಡರೆ ನಮ್ಮ ಗಮನ ಬೆಳಕಿನ ಕಡೆ ಇರುತ್ತದೆ. ಹೊಸಬರನ್ನು ಮೊದಲ ದಿನವೇ ಮ್ಯಾನುಯಲ್‌ಗೆ ತಳ್ಳಿದರೆ ಅವರು ಡಯಲ್ ನೋಡುತ್ತಾರೆಯೇ ಹೊರತು ಎದುರಿನ ದೃಶ್ಯ ನೋಡುವುದಿಲ್ಲ.

ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ ಕಚ್ಚಾ ಮಾಹಿತಿ) ಬಗ್ಗೆಯೂ ಸ್ವಲ್ಪ ಹೇಳಿದರು. ಮಾಮೂಲಿ ಚಿತ್ರದ ಫೈಲ್ ಆದ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 14 ಬಿಟ್ ರಾ ಫೈಲಿನಲ್ಲಿ 16,384. ಸದ್ಯಕ್ಕೆ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತಿದ್ದೇನೆ. ಎಡಿಟಿಂಗ್ ಪಾಠ ಬಂದಾಗ ರಾ ಕೆಲಸಕ್ಕೆ ಬರುತ್ತದೆ.

ಮುಂದಿನದು ಶಟರ್ ಸ್ಪೀಡ್ ಅಭ್ಯಾಸ. ನಲ್ಲಿಯಿಂದ ಬೀಳುವ ನೀರನ್ನು 1/1000ರಲ್ಲಿ ಒಮ್ಮೆ, 1/15ರಲ್ಲಿ ಒಮ್ಮೆ ತೆಗೆಯಬೇಕು. 1/15ಕ್ಕೆ ಕೈ ಸಾಲದು. ನನ್ನ ಹತ್ತಿರ ಟ್ರೈಪಾಡ್ ಇಲ್ಲ. ಸ್ಟೂಲಿನ ಮೇಲೆ ದಪ್ಪ ಪುಸ್ತಕ ಜೋಡಿಸಿ, ಕ್ಯಾಮೆರಾ ಇಟ್ಟು, 2 ಸೆಕೆಂಡಿನ ಟೈಮರ್ ಹಾಕಿ ತೆಗೆಯುತ್ತೇನೆ.