ಉರಿ, ಚಳುಕು, ಜೋಮು

ಬಲಗಡೆಯ ತೊಡೆಸಂದಿನಲ್ಲಿ ಹರ್ನಿಯಾ ಆಗಿ, ಅಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನದು ಹೊರಗೆ ಉಬ್ಬಿ, 2021ರಲ್ಲಿ ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ನನಗೆ ಆ ಜಾಗಕ್ಕೆ ಆಸರೆಯಾಗಿ ಬಲೆಯಂಥ ಜಾಳಿಗೆ (ಮೆಶ್) ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು. ಗಾಯ ಬೇಗನೆ ಮಾಯಿತು. ತಿಂಗಳೊಪ್ಪತ್ತಿನಲ್ಲಿ ನಾನು ಗುಳೇದಗುಡ್ಡದ ಶಾಲೆಗೆ ಮರಳಿದೆ. ಆದರೆ ನೋವು ಉಳಿಯಿತು, ಆರು ತಿಂಗಳ ನಂತರ ಹೆಚ್ಚುತ್ತಲೇ ಹೋಯಿತು. ಒಂದು ಪಿರಿಯಡ್ ನಿಂತು ಪಾಠ ಮಾಡಿದರೆ ಮುಂದಿನದಕ್ಕೆ ಕುರ್ಚಿ ಹಿಡಿಯಬೇಕಾಗುತ್ತಿತ್ತು. ನೇಕಾರರ ಮನೆಯವನಾದ ನಾನು ರಜೆಯ ದಿನ ತಮ್ಮನಿಗೆ ನೆರವಾಗಲೆಂದು ಕುಣಿಮಗ್ಗದಲ್ಲಿ ಕೂತು ಕಾಲಿನಿಂದ ತುಳಿಯಲು ಹೋದರೆ ಹತ್ತು ನಿಮಿಷಕ್ಕೇ ಮೈ ಬೆವರುತ್ತಿತ್ತು.

ಎರಡು ಸಲ ಸ್ಕ್ಯಾನಿಂಗ್ ಆಯಿತು. ಜಾಳಿಗೆ ಸರಿಯಾಗಿದೆ, ಹರ್ನಿಯಾ ಮರಳಿಲ್ಲ ಎಂದರು. ‘ಮನಸ್ಸಿಗೆ ಹಚ್ಕೋಬ್ಯಾಡ್ರಿ’ ಎಂದು ಮನೆಯಲ್ಲಿಯೂ ಸಮಾಧಾನ ಹೇಳತೊಡಗಿದರು. ವರದಿಯಲ್ಲಿ ಏನೂ ಇಲ್ಲದಿರುವಾಗ, ಅದರಲ್ಲೂ ಹೇಳಿಕೊಳ್ಳಲು ನಾಚಿಕೆಯಾಗುವ ಜಾಗದ ನೋವನ್ನು, ಯಾರ ಮುಂದೆ ಎಷ್ಟು ಸಲ ಹೇಳುವುದು? ನಾನು ಹೇಳುವುದನ್ನೇ ಬಿಟ್ಟೆ. ಅದು ತಪ್ಪಾಯಿತು, ಒಂದು ವರ್ಷ ಸುಮ್ಮನೆ ಕಳೆಯಿತು.

ಕೊನೆಗೆ ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಯ ನೋವು ಚಿಕಿತ್ಸಾ ತಜ್ಞೆಯೊಬ್ಬರ ಬಳಿಗೆ ಹೋದೆ. ‘ಬರೇ ಬ್ಯಾನಿ ಅಂದ್ರ ಸಾಲೂದಿಲ್ರಿ ಸರ್. ಉರೀತದೋ, ಚಳುಕು ಹೊಡೀತದೋ, ಜೋಮು ಹಿಡೀತದೋ, ಬಿಡಿಸಿ ಹೇಳ್ರಿ’ ಎಂದರು. ಆಮೇಲೆ ಹತ್ತಿಯ ಎಳೆಯೊಂದನ್ನು ಗಾಯದ ಗೆರೆಯ ಸುತ್ತ ಮೆಲ್ಲಗೆ ಎಳೆದರು. ಒಂದು ಕಡೆ ಏನೂ ತಿಳಿಯಲಿಲ್ಲ. ಅಲ್ಲಿಂದ ಎರಡು ಬೆರಳು ಆಚೆ ಅದೇ ಹತ್ತಿ ಕೆಂಡ ತಾಗಿಸಿದಂತೆ ಉರಿಯಿತು. ಇದು ನರದ ನೋವು, ಸ್ಕ್ಯಾನಿಂಗ್‌ನಲ್ಲಿ ಕಾಣಲೇಬೇಕೆಂದಿಲ್ಲ ಎಂದು ಅವರು ವಿವರಿಸಿದರು. ತೊಡೆಸಂದಿನ ಆ ಭಾಗದಲ್ಲಿ ಮೂರು ನರಗಳು ಹಾದುಹೋಗುತ್ತವೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಜಾಳಿಗೆಯ ಕಣ್ಣುಗಳೊಳಗೆ ದೇಹದ ಅಂಗಾಂಶ ಬೆಳೆದು ಹಿಡಿದುಕೊಳ್ಳುವುದರಿಂದಲೇ ಅದು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಆ ಗಡಸು ಅಂಗಾಂಶದಲ್ಲಿ ನರವೊಂದು ಸಿಕ್ಕಿಕೊಂಡರೆ ತಿಂಗಳುಗಳ ನಂತರವೂ ನೋವು ಏರಬಹುದು. ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳು ಮೀರಿದ, ದಿನದ ಕೆಲಸಕ್ಕೆ ಅಡ್ಡಿಯಾಗುವ ನೋವು ಉಳಿಯುತ್ತದೆ ಎಂದು ಕೇಳಿದಾಗ ನನ್ನ ಕಣ್ಣು ತುಂಬಿದವು. ಜತೆಗೆ ಬಂದಿದ್ದ ಹೆಂಡತಿ ಆ ದಿನದಿಂದ ‘ಮನಸ್ಸಿಗೆ ಹಚ್ಕೋಬ್ಯಾಡ್ರಿ’ ಎಂದಿಲ್ಲ.

ರಾತ್ರಿ ನರದ ನೋವಿಗೆ ಕೊಡುವ ಪ್ರೆಗಾಬಾಲಿನ್ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ವಾರಗಳಲ್ಲಿ ತಲೆ ತಿರುಗಿ, ಮೊದಲ ಪಿರಿಯಡ್‌ನಲ್ಲಿ ತೂಕಡಿಕೆ ಬರುತ್ತಿತ್ತು. ಆದರೂ ವೈದ್ಯರನ್ನು ಕೇಳದೆ ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಅಲ್ಟ್ರಾಸೌಂಡ್ ನೋಡುತ್ತ ನರದ ಪಕ್ಕಕ್ಕೆ ಕೊಟ್ಟ ಚುಚ್ಚುಮದ್ದಿನಿಂದ ಆ ಸಂಜೆಯೆಲ್ಲ ನೋವಿರಲಿಲ್ಲ. ಮರುದಿನ ಮರಳಿತು, ಆದರೆ ಯಾವ ನರವೆಂಬುದು ಗೊತ್ತಾಯಿತು. ಜಾಳಿಗೆ ತೆಗೆಸುವ ಮಾತೂ ಬಂದಿದೆ. ಅಂಗಾಂಶದಲ್ಲಿ ಬೆರೆತುಹೋದದ್ದನ್ನು ಬಿಡಿಸುವುದು ಹಾಕಿದಷ್ಟು ಸುಲಭವಲ್ಲ, ನೋವು ಹೋಗುವ ಖಾತ್ರಿಯೂ ಇಲ್ಲ, ನಾನಿನ್ನೂ ಒಪ್ಪಿಲ್ಲ.

ಬೆಲ್ಟ್ ಬಿಟ್ಟು ಸಡಿಲ ಉಡುಪಿಗೆ ಬಂದಿದ್ದೇನೆ. ಇಪ್ಪತ್ತು ನಿಮಿಷ ನಿಂತು, ಹತ್ತು ನಿಮಿಷ ಕೂತು ಪಾಠ ಮಾಡುತ್ತೇನೆ. ಮಕ್ಕಳು ಕೇಳದೆಯೇ ಕುರ್ಚಿ ಎಳೆದಿಡುತ್ತಾರೆ. ನೋವು ಕಡಿಮೆಯಿದ್ದ ದಿನ ಎಲ್ಲ ಕೆಲಸ ಮುಗಿಸಿಬಿಡುವ ಆಸೆಯೇ ನನಗೆ ದೊಡ್ಡ ಶತ್ರು, ಮರುದಿನ ಹಾಸಿಗೆ ಹಿಡಿಸುತ್ತದೆ. ಮುಂದಿನ ಭೇಟಿಗಾಗಿ ನೋಟ್‌ಬುಕ್ಕಿನಲ್ಲಿ ದಿನವೂ ಬರೆಯುತ್ತೇನೆ. ಈ ವಾರದ್ದು: ಸೋಮವಾರ ಚಳುಕು ನಾಲ್ಕು ಸಲ, ಮೆಟ್ಟಿಲು ಹತ್ತುವಾಗ. ಮಂಗಳವಾರ ಜೋಮು ಮಾತ್ರ. ಬುಧವಾರ ಪೈಜಾಮದ ಲಾಡಿ ತಾಗಿದಲ್ಲಿ ಉರಿ, ರಾತ್ರಿ ಎರಡರವರೆಗೆ.