ಗಾಂಜಾ ಎಣ್ಣೆ ಕೇಳಿ ಬಂದವರನ್ನು ನಾನು ಹೆದರಿಸಿ ಕಳಿಸಿದ್ದು

ಹೋದ ಶ್ರಾವಣದ ಒಂದು ಸೋಮವಾರ, ಸಂಜೆ ಏಳು ಗಂಟೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮೆಡಿಕಲ್ ಶಾಪ್‌ನಲ್ಲಿ ಆ ಹೊತ್ತಿಗೆ ಕಾಲಿಡೋಕೆ ಜಾಗ ಇರುವುದಿಲ್ಲ. ಸುತ್ತಲಿನ ಓಪಿಡಿಗಳೆಲ್ಲ ಒಟ್ಟಿಗೇ ಬಿಡುತ್ತವೆ. ಒಂದು ಕಡೆ ಎಚ್‌ವನ್ ರಿಜಿಸ್ಟರ್, ಅಂದರೆ ಯಾರಿಗೆ ಕೊಟ್ಟೆವು ಅಂತ ದಾಖಲಿಸಲೇಬೇಕಾದ ಔಷಧಗಳ ಪುಸ್ತಕ, ಬರೆಯಬೇಕು, ಇನ್ನೊಂದು ಕಡೆ ಸ್ಟಾಕಿಸ್ಟ್ ಹುಡುಗ ಎಕ್ಸ್‌ಪೈರಿ ರಿಟರ್ನ್ ಡಬ್ಬ ಹಿಡಿದು ನಿಂತಿರುತ್ತಾನೆ.

ಕುಂದಗೋಳ ಕಡೆಯ ರೈತರೊಬ್ಬರು ಬಂದರು. ಮೂರು ವರ್ಷದಿಂದ ಪ್ರತಿ ತಿಂಗಳು ಬರುವವರು. ಒಂಬತ್ತು ವರ್ಷದ ಮಗಳಿಗೆ ಫಿಟ್ಸ್. ವಾಲ್‌ಪ್ರೋಯೇಟ್ ಸಿರಪ್, ಕ್ಲೋಬಜಾಮ್ ಮಾತ್ರೆ. ಚೀಟಿ ಕೊಟ್ಟವರು ಮುಂದಕ್ಕೆ ಬಾಗಿ ಸಣ್ಣ ದನಿಯಲ್ಲಿ ಕೇಳಿದರು: "ಅಕ್ಕಾರ, ಗಾಂಜಾ ಎಣ್ಣಿ ಸಿಗತೈತೇನ್ರಿ? ಅಮೆರಿಕಾದಾಗ ಫಿಟ್ಸಿಗೆ ಕೊಡ್ತಾರಂತ. ನಮ್ಮ ಅಕ್ಕನ ಮಗ ಅಲ್ಲೇ ಅದಾನ್ರಿ, ಅವ ಹೇಳಿದ. ಕಾರ್ಡ್ ಮಾಡಿಸಿಕೋಬೇಕಂತ."

ಅವರು ಮೆಲ್ಲಗೆ ಕೇಳಿದ್ದರು. ನಾನು ಜೋರಾಗಿ ಉತ್ತರ ಕೊಟ್ಟೆ. "ಅಂಥಾ ಮಾತು ಇಲ್ಲಿ ಆಡಬ್ಯಾಡ್ರಿ. ಪೊಲೀಸ್ ಕೇಸ್ ಆಗ್ತದ."

ಕೌಂಟರ್ ಮುಂದೆ ಇದ್ದವರೆಲ್ಲ ತಿರುಗಿ ನೋಡಿದರು. ಅವರು ಚೀಟಿ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು, ಚಿಲ್ಲರೆಯನ್ನೂ ಎಣಿಸದೆ ಹೋದರು. ನಾನು ಮುಂದಿನ ಬಿಲ್ ಮಾಡಿದೆ.

ಮೂರು ವಾರ ಆಯಿತು. ಒಂದು ಮಧ್ಯಾಹ್ನ ಅವರೇ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಹುಡುಗಿಯ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಫಿಟ್ಸ್ ಬಂದು ಹೋದ ಮೇಲಿನ ನಿದ್ದೆ ಅಂದುಕೊಂಡೆ. ಬೆಂಚ್ ಮೇಲೆ ಮಲಗಿಸಿ ಅಂದವಳು, ಮುಂದೆ ಇದ್ದವರ ಬಿಲ್ ಮುಗಿಸಿದೆ. ನಾಲ್ಕು ನಿಮಿಷ ಹಾಗೇ ಹೋಯಿತು. ಆ ನಾಲ್ಕು ನಿಮಿಷ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಆಮೇಲೆ ಕೇಳಿದೆ, "ಫಿಟ್ಸ್ ಯಾವಾಗ ಬಂತ್ರಿ?"

"ಬಂದಿಲ್ರಿ ಅಕ್ಕಾರ. ಬೆಳಿಗ್ಗಿಂದ ಹಿಂಗ ಮಲಗ್ಯಾಳ. ಎಬ್ಬಿಸಿದ್ರ ಏಳವಲ್ಲಳು."

ಕೌಂಟರ್ ದಾಟಿ ಓಡಿದೆ. ಹೆಸರು ಹಿಡಿದು ಕರೆದೆ. ಎದೆಯ ಮೂಳೆ ಮೇಲೆ ಗಟ್ಟಿಯಾಗಿ ಉಜ್ಜಿದೆ. ರೆಪ್ಪೆ ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ಉಸಿರು ಇತ್ತು, ಆದರೆ ನಿಧಾನ. ಅಷ್ಟರಲ್ಲಿ ಅವರು ಜೇಬಿನಿಂದ ಒಂದು ಸಣ್ಣ ಡ್ರಾಪರ್ ಬಾಟಲಿ ತೆಗೆದರು. ಲೇಬಲ್ ಇಲ್ಲ. ಬಿಳಿ ಟೇಪ್ ಸುತ್ತಿ, ಅದರ ಮೇಲೆ ಬಾಲ್‌ಪೆನ್ನಿಂದ "ಬೆ 5, ಸಂ 5" ಅಂತ ಬರೆದಿತ್ತು. ಮುಚ್ಚಳ ತೆಗೆದರೆ ಹಸಿ ಸೊಪ್ಪಿನ ಘಾಟು. ಯಾರೋ ಫೋನ್‌ನಲ್ಲಿ ಮಾತಾಡಿ ಬಸ್ ಸ್ಟ್ಯಾಂಡ್ ಹತ್ತಿರ ಕೈಗೆ ಕೊಟ್ಟು, 1,800 ರೂಪಾಯಿ ತೆಗೆದುಕೊಂಡಿದ್ದರು. ಸಿರಪ್ ಬಿಟ್ಟುಬಿಡಿ ಅಂತಲೂ ಹೇಳಿದ್ದರಂತೆ. ಪುಣ್ಯಕ್ಕೆ ಇವರು ಬಿಟ್ಟಿರಲಿಲ್ಲ.

"ಸೀದಾ ದವಾಖಾನಿಗೆ ಯಾಕ ಹೋಗಲಿಲ್ರಿ?" ಅಂದೆ.

"ಪೊಲೀಸ್ರು ಬರ್ತಾರಂತ ಅಂಜಿದ್ನಿರಿ. ನೀವ ಹೇಳಿದ್ರಲ್ಲ."

ಹುಡುಗಿಯನ್ನು ಎತ್ತಿಕೊಂಡು ಎದುರಿನ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋದೆವು. ಮಾತ್ರೆಗಳ ಹೆಸರು, ಡೋಸ್, ಎಣ್ಣೆ ಎಷ್ಟು ಹನಿ, ಯಾವಾಗ, ಎಲ್ಲ ಬಿಲ್ ಹಿಂದೆ ಬರೆದು, ಬಾಟಲಿ ಸಮೇತ ಡ್ಯೂಟಿ ಡಾಕ್ಟರ್ ಕೈಗೆ ಕೊಟ್ಟೆ. ಅವರು ಪೊಲೀಸ್ ಮಾತೇ ಎತ್ತಲಿಲ್ಲ. ಸಲೈನ್ ಹಾಕಿ ರಾತ್ರಿಯೆಲ್ಲ ನೋಡಿಕೊಂಡರು. ಮರುದಿನ ಬೆಳಿಗ್ಗೆ ಹುಡುಗಿ ಎದ್ದು ಚುರಮುರಿ ಬೇಕು ಅಂದಳಂತೆ. ಬಾಟಲಿಯಲ್ಲಿ ಏನಿತ್ತು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ. ಆದರೆ ಗಾಂಜಾದಲ್ಲಿರುವ ಸಿಬಿಡಿ ಅನ್ನುವ ಅಂಶ ದೇಹದಲ್ಲಿ ಕ್ಲೋಬಜಾಮ್‌ನ ಪ್ರಭಾವ ಹೆಚ್ಚಿಸುತ್ತದೆ. ಮಂಪರು ಜಾಸ್ತಿ ಆಗುತ್ತದೆ. ವಾಲ್‌ಪ್ರೋಯೇಟ್ ಜೊತೆ ಸೇರಿದರೆ ಲಿವರ್‌ಗೂ ತೊಂದರೆ ಆಗಬಹುದು. ಆ ಎರಡೂ ಔಷಧ ಮೂರು ವರ್ಷದಿಂದ ನಾನೇ ಕೈಯಾರೆ ಕೊಡುತ್ತಿದ್ದೆ. ಮೊದಲ ದಿನ ಅವರು ಕೇಳಿದಾಗ ಹೇಳಬೇಕಾಗಿದ್ದು ಇದು.

ಆ ರಾತ್ರಿ ಕೂತು ಕಾನೂನು ಓದಿದೆ. ಅದಕ್ಕೂ ಮುಂಚೆ ಓದಿದ್ದು ಡಿ.ಫಾರ್ಮ್ ಪರೀಕ್ಷೆಗೆ ಮಾತ್ರ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂ ಬಿಟ್ಟ ತುದಿಗೆ, ಚರಸ್ ಅನ್ನುವುದು ಅದರ ಅಂಟಿಗೆ. ತುದಿ ಸೇರದ ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ, ಎಲೆಯಿಂದ ಮಾಡುವ ಭಂಗಿ ಬಗ್ಗೆ ಇದನ್ನೇ ಹೇಳಿತು. ಹಾಗಂತ ಭಂಗಿ ಸೊಪ್ಪು ತಂದು ಮನೆಯಲ್ಲೇ ಎಣ್ಣೆ ಕಾಯಿಸುವ ಹಾಗಿಲ್ಲ. ಎಲೆಯ ಮೇಲೆ ರಾಜ್ಯದ 1965ರ ಅಬಕಾರಿ ಕಾಯ್ದೆಯ ಹಿಡಿತ ಇದೆ.

ದಾರಿ ಇರುವುದು ಆಯುರ್ವೇದದ ಕಡೆಯಿಂದ. ಅಲ್ಲಿ ಇದರ ಹೆಸರು ವಿಜಯಾ. ಔಷಧ ನಿಯಮಗಳ ಷೆಡ್ಯೂಲ್ ಇ(1), ಅಂದರೆ ವಿಷಾಂಶ ಇರುವ ದ್ರವ್ಯಗಳ ಪಟ್ಟಿಯಲ್ಲಿ ಇದೆ. ಲೈಸೆನ್ಸ್ ಇರುವ ಆಯುರ್ವೇದ ಕಂಪನಿ ತಯಾರಿಸಿದ ವಿಜಯಾ ಎಣ್ಣೆಯನ್ನು, ನೋಂದಾಯಿತ ಆಯುರ್ವೇದ ವೈದ್ಯರು ರೋಗಿಯನ್ನು ನೋಡಿ ಬರೆದುಕೊಟ್ಟರೆ ತೆಗೆದುಕೊಳ್ಳಬಹುದು. ಲೇಬಲ್ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್, ದಿನಾಂಕ, ವಿಜಯಾ ಎಷ್ಟು ಅನ್ನುವ ಅಳತೆ ಇರಬೇಕು. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಿ ಅನ್ನುವ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಇರಬೇಕು. ಒಂದು ಮಿಲಿಯಲ್ಲಿ ಅಮಲು ತರುವ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಲ್ಯಾಬ್ ರಿಪೋರ್ಟ್ ಕೇಳಿ ನೋಡಬೇಕು. ಟೇಪ್ ಮೇಲೆ ಬಾಲ್‌ಪೆನ್ನಲ್ಲಿ ಬರೆದಿದ್ದರೆ ಮುಟ್ಟಲೇಬಾರದು. ಇನ್ನೊಂದು, 2021ರಲ್ಲಿ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆಹಾರ ಅಂತ ಒಪ್ಪಿದ ಈ ಗಿಡದ ಬೀಜದ ಎಣ್ಣೆ ಬೇರೆಯೇ. ಅದು ಅಡುಗೆಗೆ, ಫಿಟ್ಸ್‌ಗೆ ಅಲ್ಲ.

ಆ ರೈತರ ಅಕ್ಕನ ಮಗ ಇರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಅಲ್ಲಿ 2015ರಲ್ಲಿ ಕಾನೂನು ಬಂತು. ಡಾಕ್ಟರ್ ದೃಢೀಕರಿಸಿ ರಾಜ್ಯದ ಪಟ್ಟಿಗೆ ಹೆಸರು ಸೇರಿಸಿದರೆ ಆರೋಗ್ಯ ಇಲಾಖೆಯ ಕಾರ್ಡ್ ಸಿಗುತ್ತದೆ. ಕಾರ್ಡ್ ಸಿಗುವ ಕಾಯಿಲೆಗಳಲ್ಲಿ ಫಿಟ್ಸ್ ಕೂಡ ಇತ್ತು. ಟಿಎಚ್‌ಸಿ ನೂರಕ್ಕೆ 5 ಮೀರದ ಎಣ್ಣೆ, 20 ಔನ್ಸ್‌ವರೆಗೆ ಇಟ್ಟುಕೊಳ್ಳಬಹುದು ಅಂತ ಕಾನೂನು ಹೇಳಿತು. ಆದರೆ ಆ ಎಣ್ಣೆ ಮಾರುವ ಅಂಗಡಿ ಅಲ್ಲಿ ತೆರೆದಿದ್ದು 2023ರಲ್ಲಿ. ಎಂಟು ವರ್ಷ ಕೈಯಲ್ಲಿ ಕಾರ್ಡ್ ಇದ್ದೂ ಕೊಳ್ಳೋಕೆ ಜಾಗ ಇರಲಿಲ್ಲ. ಆ ಕಾರ್ಡ್ ನಮ್ಮ ದೇಶದಲ್ಲಿ ನಡೆಯುವುದಿಲ್ಲ, ಸೂಟ್‌ಕೇಸ್‌ನಲ್ಲಿ ತರಿಸಿಕೊಳ್ಳಬೇಡಿ ಅಂತ ಅವರಿಗೆ ಬಿಡಿಸಿ ಹೇಳಿದೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಶುದ್ಧ ಸಿಬಿಡಿ ಸಿರಪ್ ಕೂಡ ಮೊದಲಿಗೆ ಬಂದಿದ್ದು ಲೆನಾಕ್ಸ್ ಗ್ಯಾಸ್ಟಾಟ್, ಡ್ರಾವೆ ಅನ್ನುವ ಎರಡು ಕಠಿಣ ಬಗೆಯ ಫಿಟ್ಸ್‌ಗೆ. ಎಲ್ಲರ ಫಿಟ್ಸ್‌ಗೂ ಅಲ್ಲ. ಇದನ್ನೂ ಹೇಳಿದೆ.

ಕೌಂಟರ್‌ನಲ್ಲಿ ಹೀಗೆ ಬಿಡಿಸಿ ಹೇಳುವುದು ನಮ್ಮ ಮಾಲಕರಿಗೆ ಇಷ್ಟವಿಲ್ಲ. "ಒಂದು ಚೀಟಿಗೆ ಎರಡು ನಿಮಿಷ. ಕಾಯ್ದೆ ಮಾತು ನಮಗ್ಯಾಕ?" ಅನ್ನುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಆಯುರ್ವೇದ ವೈದ್ಯರ ನೋಂದಣಿ ನಂಬರ್ ಹಾಕಿದರೆ ತಪ್ಪು ಅಂತ ತೋರಿಸುತ್ತದೆ. ಮೂರು ಸಲ ಕಂಪ್ಲೇಂಟ್ ಕೊಟ್ಟಿದ್ದೇನೆ, ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಅನ್ನುತ್ತಾರೆ. ಹೊಸ ಹುಡುಗರಿಗೆ ಯಾವ ಸ್ಕೀಮ್‌ನಲ್ಲಿ ಎಷ್ಟು ಮಾರ್ಜಿನ್ ಅಂತ ಟ್ರೈನಿಂಗ್ ಕೊಡುತ್ತೇವೆ. ಜನ ಹೆದರಿ ಕೇಳುವ ಪ್ರಶ್ನೆಗೆ ಏನು ಹೇಳಬೇಕು ಅಂತ ಯಾರೂ ಕಲಿಸಿಲ್ಲ. ನನಗೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೋದ ತಿಂಗಳು ಅಪ್ಪ ಮಗಳು ಇಬ್ಬರೂ ಬಂದಿದ್ದರು. ನರರೋಗದ ಡಾಕ್ಟರ್‌ಗೆ ಎಣ್ಣೆ ವಿಷಯ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಅವರು ಸದ್ಯ ಎಣ್ಣೆ ಬೇಡ, ಮೊದಲು ಮಾತ್ರೆ ಡೋಸ್ ಬದಲಿಸಿ ನೋಡೋಣ ಅಂದಿದ್ದಾರೆ. "ಆಮ್ಯಾಲೆ ಬೇಕಂದ್ರ ನಿಮ್ಮನ್ನ ಕೇಳ್ತೀನ್ರಿ" ಅಂದರು. ಕೇಳ್ರಿ ಅಂದೆ. ಫ್ರಿಜ್ ಪಕ್ಕ ಒಂದು ಸ್ಟೂಲ್ ಹಾಕಿಸಿದ್ದೇನೆ. ಮೆಲ್ಲಗೆ ಮಾತಾಡುವವರನ್ನು ಈಗ ಅಲ್ಲಿಗೆ ಕರೆದು ಕೂರಿಸುತ್ತೇನೆ.