ಚೆಟ್ಟಿನಾಡಿನ ಮನೆ ನೋಡೋಕೆ ಹೋದರೆ ಹಿತ್ತಲ ತನಕ ಹೋಗಿ

ಚೆಟ್ಟಿನಾಡು ಅಂದರೆ ತಮಿಳುನಾಡಿನ ಕಾರೈಕುಡಿ ಸುತ್ತಲಿನ ಸೀಮೆ, ಚೆಟ್ಟಿಯಾರ್ ವ್ಯಾಪಾರಿಗಳ ಹಳೇ ದೊಡ್ಡ ಮನೆಗಳಿಗೆ ಹೆಸರಾದದ್ದು. ಕಾರೈಕುಡಿಯಲ್ಲಿ ಆಟೋ ಹತ್ತುವ ಮುಂಚೆ ಎಷ್ಟು ಮನೆ ತೋರಿಸ್ತೀರಿ ಅಂತ ಕೇಳಬೇಡಿ. ಎಷ್ಟು ಮನೆ ಒಳಗೆ ಬಿಡ್ತಾರೆ ಅಂತ ಕೇಳಿ. ನಮ್ಮ ಆಟೋದವರು ದೊಡ್ಡ ಪಟ್ಟಿ ಹೇಳಿ ಬಾಡಿಗೆ ಮಾತಾಡಿದರು. ಬಹುಪಾಲು ಕಡೆ ಕಂಡಿದ್ದು ಗೇಟು, ಬೀಗ ಅಷ್ಟೇ. ಹತ್ತಿರದ ಕಾನಾಡುಕಾತ್ತಾನ್ ಊರಿನ ಅರಮನೆಯನ್ನೂ ಬೀದಿಯಲ್ಲಿ ನಿಂತೇ ನೋಡಿದೆವು.

ಬೀಗಕ್ಕೆ ಕಾರಣ ಇದೆ. ಒಂದೊಂದು ಮನೆಗೂ ಈಗ ಹತ್ತಾರು ಪಾಲುದಾರರು. ಎಲ್ಲರೂ ಬೇರೆ ಬೇರೆ ಊರಲ್ಲಿ. ಮದುವೆ, ಪೂಜೆ ಬಂದರೆ ಮಾತ್ರ ಬಾಗಿಲು ತೆಗೆಯುತ್ತಾರೆ.

ಆದರೆ ಕಾನಾಡುಕಾತ್ತಾನ್‌ನಲ್ಲೇ ಸಣ್ಣ ಮೊತ್ತ ತಗೊಂಡು ಒಳಗೆ ಬಿಡುವ ಮನೆಗಳಿವೆ. ಅಂಥದ್ದೊಂದನ್ನು ನಿಧಾನವಾಗಿ ನೋಡಿ, ಸಾಕು. ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಆಚೆ ಬೀದಿಗೆ. ಹೊಸ್ತಿಲಲ್ಲಿ ನಿಂತರೆ ಬಾಗಿಲ ಹಿಂದೆ ಬಾಗಿಲು, ಕೊನೆ ತನಕ ಒಂದೇ ಸಾಲು. ಮುಂದೆ ಜಗಲಿ, ಲೆಕ್ಕ ಬರೆಯುವ ಜಾಗ, ಬರ್ಮಾ ತೇಗದ ಕಂಬಗಳು. ಆಮೇಲೆ ನಮ್ಮ ತೊಟ್ಟಿ ಮನೆಯಂಥ ಅಂಗಳ. ಅದರ ಸುತ್ತ ಮದುವೆಯಾದ ಪ್ರತಿ ಮಗನಿಗೂ ಒಂದೊಂದು ಕೋಣೆ. ಇಷ್ಟು ದೊಡ್ಡ ಕೂಡುಕುಟುಂಬದಲ್ಲೂ ಪ್ರತಿ ಗಂಡ ಹೆಂಡತಿಯದ್ದು ಬೇರೆ ಒಲೆ, ಬೇರೆ ಖರ್ಚು! ಗೈಡು ಮುಂದಿನ ಹಾಲ್ ತೋರಿಸಿ ಹೊರಡಿಸಲು ನೋಡುತ್ತಾರೆ. ಬಿಡಬೇಡಿ, ಹಿಂದಿನ ಅಡುಗೆ ಅಂಗಳ ತೋರಿಸಿ ಅನ್ನಿ. ಹೆಂಗಸರ ಬದುಕೆಲ್ಲ ನಡೆದದ್ದು ಅಲ್ಲೇ ಅಲ್ವಾ?

ಗೋಡೆ ಮುಟ್ಟಿ ನೋಡಿ. ಸುಣ್ಣ, ಮೊಟ್ಟೆಯ ಬಿಳಿ, ಅಳಲೆಕಾಯಿ ಹಾಕಿ ಉಜ್ಜಿದ ಗಾರೆ ಅದು, ಕಲ್ಲಿನಷ್ಟು ನುಣುಪು, ಬಿಸಿಲಲ್ಲೂ ತಣ್ಣಗೆ. ಈ ಮನೆಗಳಲ್ಲಿ ಹೆಚ್ಚಿನವು 19ನೇ ಶತಮಾನದ ನಡುವಿನಿಂದ 1940ರ ದಶಕದೊಳಗೆ ಎದ್ದವು. ಕಟ್ಟಿಸಿದ್ದು ಬರ್ಮಾ, ಸಿಲೋನ್, ಮಲಯಾದಲ್ಲಿ ಇಲ್ಲಿನ ನಾಟ್ಟುಕೋಟ್ಟೈ ಚೆಟ್ಟಿಯಾರ್ ಸಮುದಾಯದವರು ನಡೆಸಿದ ಲೇವಾದೇವಿಯ ದುಡ್ಡಿಂದ. 1942ರಲ್ಲಿ ಜಪಾನ್ ಬರ್ಮಾಕ್ಕೆ ನುಗ್ಗಿದ ಮೇಲೆ ಆ ವ್ಯವಹಾರ ಕುಸಿಯಿತು.

ಹತ್ತಿರದ ಆತ್ತಂಗುಡಿ ಊರಲ್ಲಿ ಟೈಲ್ಸ್ ಮಾಡುವುದನ್ನು ತಪ್ಪಿಸಬೇಡಿ. ಗಾಜಿನ ಮೇಲೆ ಅಚ್ಚಿಟ್ಟು ಬಣ್ಣದ ಸಿಮೆಂಟು ಸುರಿಯುತ್ತಾರೆ, ಮೇಲೆ ಮರಳು ಸಿಮೆಂಟು ತುಂಬಿ ಒತ್ತುತ್ತಾರೆ. ಸುಡುವುದೇ ಇಲ್ಲ. ಹೊಳಪು ಬರುವುದು ಆ ಗಾಜಿನಿಂದ.

ಹಳೇ ಮನೆ ಅಂತ ಹೆಸರಿಟ್ಟ ಲಾಡ್ಜ್‌ನಲ್ಲಿ ರೂಮ್ ಮಾತ್ರ ಬೇಡ. ನಮಗೆ ಸಿಕ್ಕಿದ್ದು ಹಿಂದೆ ಹೊಸದಾಗಿ ಕಟ್ಟಿದ ಡಬ್ಬಿಯಂಥ ಕೋಣೆ. ಬಾಡಿಗೆ ಮಾತ್ರ ಅರಮನೆಯದ್ದು.

ಊಟಕ್ಕೆ ಬಸ್‌ಸ್ಟ್ಯಾಂಡ್ ಕಡೆಯ ಸಣ್ಣ ಮೆಸ್‌ಗಳೇ ವಾಸಿ. ಸಂಜೆ ವೆಳ್ಳೈ ಪಣಿಯಾರಂ ಕೇಳಿ. ಅಕ್ಕಿ, ಉದ್ದಿನ ಹಿಟ್ಟನ್ನು ಸೌಟಿನಲ್ಲಿ ನೇರ ಎಣ್ಣೆಗೆ ಬಿಡುತ್ತಾರೆ. ಅಂಚು ಗರಿಗರಿ, ನಡುವೆ ಹತ್ತಿ. ಜೊತೆಗೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಚಟ್ನಿ. ಬಡಿಸುವ ಅಕ್ಕ ಕೇಳದೆಯೇ ಇನ್ನೊಂದು ಸೌಟು ಚಟ್ನಿ ಹಾಕಿದರು. ಕಪ್ಪಕ್ಕಿಗೆ ಕಾಯಿತುರಿ, ಸಕ್ಕರೆ ಕಲಸಿದ ಕವುಣಿ ಅರಿಸಿಯೂ ಇತ್ತು. ಆ ಅಕ್ಕಿಯೂ ಬರ್ಮಾದಿಂದ ಬಂದದ್ದೇ ಅಂತಾರೆ.

ತಿರುಚ್ಚಿಯಿಂದ ಕಾರೈಕುಡಿಗೆ ಬಸ್ಸಲ್ಲಿ ಸುಮಾರು ಎರಡು ಗಂಟೆ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಬಸ್ಸಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ. ಏಪ್ರಿಲ್, ಮೇ ಬೇಡವೇ ಬೇಡ.